ಪಾದದ ಮೂಳೆಯಲ್ಲಿ ಬೂದಿ ಮುಚ್ಚಿದ ಕೆಂಡ

೧೮೬೨ನೆಯ ಇಸವಿ ಆಗಸ್ಟ್ ೨೯. ದಕ್ಷಿಣ ಇಟಲಿಯ ಆಸ್ಪ್ರೊಮೊಂಟೆ ಬೆಟ್ಟಸೀಮೆಯಲ್ಲಿ ನಡೆದ ಒಂದು ಚಕಮಕಿಯಲ್ಲಿ, ಇಟಲಿಯ ಐಕ್ಯಕ್ಕಾಗಿ ಜೀವಮಾನವೆಲ್ಲ ಹೋರಾಡಿದ ಗ್ಯಾರಿಬಾಲ್ಡಿಯವರ ಬಲಗಾಲಿನ ಹರಡಿಗೆ ಗುಂಡು ತಗುಲಿತು. ಯೂರೋಪಿನ ಹೆಸರಾಂತ ಶಸ್ತ್ರವೈದ್ಯರು ಒಬ್ಬರಾದ ಮೇಲೊಬ್ಬರು ಅವರ ಹಾಸಿಗೆಯ ಬಳಿಗೆ ಬಂದರು. ಗುಂಡು ಇನ್ನೂ ಕಾಲಿನೊಳಗೇ ಇದೆಯೆಂದು ಕೆಲವರ ವಾದ. ಇಲ್ಲವೆಂದು ಇನ್ನು ಕೆಲವರ ವಾದ. ಕ್ಷ-ಕಿರಣದ ಶೋಧವಾದುದು ೧೮೯೫ರಲ್ಲಿ. ಆದುದರಿಂದ ಒಳಗೆ ಇಣಿಕಿ ನೋಡುವ ಸಾಧನವೇ ಅಂದು ಇರಲಿಲ್ಲ. ವಾರಗಳು ಕಳೆದುವು, ಗಾಯ ಮಾಯಲಿಲ್ಲ, ಕೀವು ನಿಲ್ಲಲಿಲ್ಲ. ಕಾಲನ್ನೇ ತೆಗೆಯಬೇಕಾದೀತೆಂಬ ಮಾತೂ ಹುಟ್ಟಿತು.

ಕೊನೆಗೆ ಪ್ಯಾರಿಸ್ಸಿನ ವೈದ್ಯ ನೆಲಾತೋನ್ ಒಂದು ಸರಳ ಉಪಾಯವನ್ನು ಹೂಡಿದರು. ಸಲಾಕೆಯೊಂದರ ತುದಿಗೆ ಮೆರುಗು ಕೊಡದ ಪಿಂಗಾಣಿಯ ಪುಟ್ಟ ಗುಂಡನ್ನು ಕೂರಿಸಿದರೆ, ಅದು ಮೂಳೆಗೆ ತಾಗಿದಾಗ ಬೆಳ್ಳಗೇ ಉಳಿಯುತ್ತದೆ. ಸೀಸಕ್ಕೆ ತಾಗಿದಾಗ ಕಪ್ಪು ಗೆರೆ ಹತ್ತಿಸಿಕೊಳ್ಳುತ್ತದೆ. ಆ ಸಲಾಕೆಯನ್ನು ಗಾಯದೊಳಕ್ಕೆ ಹಾಯಿಸಿ ಹೊರತೆಗೆದಾಗ ಸೀಸದ ಗುರುತು ಕಂಡಿತು. ಅದೇ ನವೆಂಬರಿನಲ್ಲಿ ಗುಂಡು ಹೊರಬಂದಿತು. ಗ್ಯಾರಿಬಾಲ್ಡಿಯವರ ಕಾಲು ಉಳಿಯಿತಾದರೂ ಗಾಯ ಪೂರ್ತಿ ಮಾಯಲು ಮತ್ತೆ ತಿಂಗಳುಗಳೇ ಹಿಡಿದುವು. ಕುಂಟು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಈ ಪ್ರಸಂಗದಲ್ಲಿ ಒಂದು ಸ್ವಾರಸ್ಯವಿದೆ. ಮೂಳೆಯೊಳಗೆ ಕೀವು ಕಟ್ಟುವ ವ್ಯಾಧಿಗೆ ‘ಆಸ್ಟಿಯೋಮೈಲೈಟಿಸ್’ ಎಂಬ ಹೆಸರನ್ನು ೧೮೪೪ರಲ್ಲಿ ಬಳಕೆಗೆ ತಂದವರೂ ಇದೇ ನೆಲಾತೋನ್. ಅಸ್ಥಿ ಮತ್ತು ಅದರೊಳಗಿನ ಮಜ್ಜೆ ಎರಡಕ್ಕೂ ಸೋಂಕು ತಗುಲಿ ಉರಿಯೂತವುಂಟಾಗುವುದೆಂದು ಆ ಹೆಸರಿನ ಅರ್ಥ. ಹೆಸರು ದೊಡ್ಡದು, ರೋಗದ ನಡೆ ಮಾತ್ರ ಸದ್ದಿಲ್ಲದ್ದು. ಬೂದಿ ಮುಚ್ಚಿದ ಕೆಂಡದಂತೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಡಗಿ ಕುಳಿತಿದ್ದು, ಎಂದೋ ಒಂದು ದಿನ ಮತ್ತೆ ಉರಿಯುವುದು ಇದರ ಸ್ವಭಾವ. ದೇಹದ ಯಾವ ಮೂಳೆಗಾದರೂ ಇದು ಬರಬಹುದು. ಆದರೆ ಪಾದಕ್ಕೂ ಹರಡಿಗೂ ಬಂದಾಗ ಇದರ ಹಟ ಹೆಚ್ಚು; ಅಲಕ್ಷ್ಯ ಮಾಡಿದರೆ ತೆರಬೇಕಾದ ಬೆಲೆಯೂ ಹೆಚ್ಚು.

ಪಾದಕ್ಕೇ ಏಕೆ ಈ ಕಷ್ಟ?

ಒಂದು ಪಾದದಲ್ಲಿ ೨೬ ಮೂಳೆಗಳಿವೆ. ಅವನ್ನು ಜೋಡಿಸುವ ಕೀಲುಗಳು ೩೩. ಎರಡು ಪಾದಗಳನ್ನೂ ಕೂಡಿಸಿದರೆ ೫೨ ಮೂಳೆಗಳಾಗುತ್ತವೆ. ಅಂದರೆ ದೇಹದ ಒಟ್ಟು ೨೦೬ ಮೂಳೆಗಳಲ್ಲಿ ಕಾಲುಭಾಗ ಕಾಲಡಿಯಲ್ಲೇ ಇದೆಯೆಂದಾಯಿತು! ಇಷ್ಟೊಂದು ಮೂಳೆಗಳು ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಸೇರಿಕೊಂಡಿರುವುದರಿಂದ ಒಂದರ ಸೋಂಕು ಪಕ್ಕದ ಕೀಲಿಗೂ ಮತ್ತೊಂದು ಮೂಳೆಗೂ ದಾಟುವುದು ಸುಲಭ.

ತೊಡೆಯ ಮೂಳೆಯ ಸುತ್ತಲೂ ದಪ್ಪನೆಯ ಮಾಂಸಖಂಡಗಳ ಹೊದಿಕೆಯಿದೆ. ಹರಡಿನ ಮೂಳೆಗಾದರೋ ಚರ್ಮವೇ ಹೊದಿಕೆ. ಬೆರಳಿಟ್ಟರೆ ಮೂಳೆ ಕೈಗೆ ಸಿಗುತ್ತದೆ. ಅಲ್ಲಿ ಚರ್ಮ ಹರಿಯಿತೆಂದರೆ ಸೂಕ್ಷ್ಮಜೀವಿಗಳಿಗೆ ಮೂಳೆ ಕೂಗಳತೆಯ ದೂರ. ಹರಡಿನ ಕೀಲಿನೊಳಗೆ ಕುಳಿತಿರುವ ‘ತಾಲಸ್’ ಎಂಬ ಮೂಳೆಯ ಸ್ಥಿತಿಯಂತೂ ಇನ್ನೂ ನಾಜೂಕು. ಅದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲ್ಮೈಯ ಹೆಚ್ಚು ಪಾಲನ್ನು ಮೃದ್ವಸ್ಥಿ ಆವರಿಸಿದೆ. ಆದುದರಿಂದ ರಕ್ತನಾಳಗಳು ಒಳಹೋಗಲು ಇರುವ ದಾರಿ ಬಹಳ ಕಿರಿದು.

ಇದರ ಮೇಲೆ, ಹೃದಯದಿಂದ ಅತ್ಯಂತ ದೂರದಲ್ಲಿರುವ ಅಂಗ ಪಾದವೇ. ಊರಿನ ಕೊನೆಯ ಮನೆಯ ನಲ್ಲಿಗೆ ನೀರು ಸಣ್ಣಗೆ ಬರುವಂತೆ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸಿಗರೇಟು ಸೇದುವವರಲ್ಲಿ ಪಾದಕ್ಕೆ ರಕ್ತ ಸಣ್ಣಗೆ ಬರುತ್ತದೆ. ರಕ್ತ ಬಾರದಲ್ಲಿಗೆ ಆಹಾರವೂ ಇಲ್ಲ, ರಕ್ಷಕ ಕಣಗಳೂ ಇಲ್ಲ, ನುಂಗಿದ ಔಷಧವೂ ಇಲ್ಲ. ಸಾಲದುದಕ್ಕೆ ಮೈಯ ಭಾರವನ್ನೆಲ್ಲ ಹೊರುವುದೂ ಈ ಪಾದವೇ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ವಿರಾಮ ಕೊಡಬಹುದು. ಪಾದಕ್ಕೆ ವಿರಾಮ ಕೊಡುವುದೆಂದರೆ ಮನುಷ್ಯನನ್ನೇ ಕೂರಿಸಿದಂತೆ.

ಮೂಳೆ ಸಾಯುವ ಬಗೆ

ಮೂಳೆಯೆಂದರೆ ಕಲ್ಲಿನಂತೆ ಜಡವಾದ ವಸ್ತುವೆಂಬ ಭಾವನೆ ಅನೇಕರಲ್ಲಿದೆ. ಅದು ಜೀವಂತ ವಸ್ತು. ಅದರೊಳಗೆ ರಕ್ತ ಹರಿಯುತ್ತದೆ, ದಿನವೂ ಹಳತು ಸವೆದು ಹೊಸತು ಹುಟ್ಟುತ್ತದೆ. ಸೋಂಕು ತಗುಲಿದಾಗ ಇಲ್ಲಿಯೂ ಕೀವು ಉಂಟಾಗುತ್ತದೆ. ಮಾಂಸದಲ್ಲಿ ಕೀವಾದರೆ ಅದು ಉಬ್ಬಿ, ಒಡೆದು, ಹೊರಗೆ ಹೋಗುತ್ತದೆ. ಮೂಳೆಯ ಗೋಡೆ ಉಬ್ಬಲಾರದು. ಒಳಗೆ ಒತ್ತಡ ಏರಿ, ರಕ್ತನಾಳಗಳು ಹಿಸುಕಿಹೋಗಿ, ಮೂಳೆಯ ಆ ಭಾಗ ಅನ್ನನೀರಿಲ್ಲದೆ ಸಾಯುತ್ತದೆ.

ಹೀಗೆ ಸತ್ತ ಚೂರನ್ನು ವೈದ್ಯರು ‘ಸೀಕ್ವೆಸ್ಟ್ರಮ್’ ಎನ್ನುತ್ತಾರೆ. ದೇಹ ಅದನ್ನು ಹೊರಗಿನ ವಸ್ತುವೆಂದೇ ಎಣಿಸಿ ಸುತ್ತಲೂ ಹೊಸ ಮೂಳೆಯ ಕವಚ ಕಟ್ಟಲು ತೊಡಗುತ್ತದೆ. ಆ ಕವಚದಲ್ಲಿ ರಂಧ್ರಗಳು ಉಳಿದು, ಅವುಗಳ ಮೂಲಕ ಕೀವು ಒಸರುತ್ತ ಚರ್ಮದವರೆಗೆ ಸುರಂಗ ಕೊರೆದುಕೊಳ್ಳುತ್ತದೆ. ಭಾರತೀಯ ವೈದ್ಯಕ್ಕೆ ಈ ಸುರಂಗ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಇಂಥ ಗಾಯಕ್ಕೆ ‘ನಾಡೀವ್ರಣ’ವೆಂಬ ಹೆಸರಿದೆ, ಅದರ ಆಳವನ್ನು ಅರಸುವ ‘ಏಷಣಿ’ ಎಂಬ ಸಲಾಕೆಯ ವಿವರವೂ ಅಲ್ಲಿದೆ.

ಸತ್ತ ಮೂಳೆಯ ಮೇಲೆ ನೆಲಸಿದ ಸೂಕ್ಷ್ಮಜೀವಿಗಳು ಸುಮ್ಮನೆ ಕೂರುವುದಿಲ್ಲ. ಕೊಳದ ಕಲ್ಲಿನ ಮೇಲೆ ಪಾಚಿ ಹಬ್ಬಿದಂತೆ ತಮ್ಮ ಸುತ್ತ ಒಂದು ಲೋಳೆಯ ಪೊರೆಯನ್ನು ಹೆಣೆದುಕೊಳ್ಳುತ್ತವೆ. ಆ ಪೊರೆಯೊಳಗೆ ಅವು ಬೆಳವಣಿಗೆ ನಿಧಾನಿಸಿ ಮಂಕಾಗಿ ಬಾಳುತ್ತವೆ. ಬೆಳೆಯುತ್ತಿರುವ ಜೀವಿಗಳನ್ನು ಚೆನ್ನಾಗಿ ಕೊಲ್ಲಬಲ್ಲ ಔಷಧಗಳು ಇವುಗಳ ಮೇಲೆ ಸೋಲುತ್ತವೆ. ಇವುಗಳಲ್ಲಿ ಅತಿ ಸಾಮಾನ್ಯವಾದ ‘ಸ್ಟ್ಯಾಫಿಲೊಕಾಕಸ್ ಆರಿಯಸ್’ ಮೂಳೆಯ ಕಣ್ಣಿಗೆ ಕಾಣದ ಸೂಕ್ಷ್ಮನಾಳಗಳೊಳಕ್ಕೂ ನುಸುಳಿ ಅಡಗಬಲ್ಲುದು. ಮಾತ್ರೆ ನುಂಗಿದಾಗ ಕೀವು ನಿಂತು, ಬಿಟ್ಟೊಡನೆ ಮರಳುವುದರ ಗುಟ್ಟು ಇಲ್ಲಿದೆ.

ಶತ್ರು ಬರುವ ದಾರಿಗಳು

ಮಕ್ಕಳಲ್ಲಿ ಈ ರೋಗ ಹೆಚ್ಚಾಗಿ ರಕ್ತದ ಮೂಲಕ ಬರುತ್ತದೆ. ದೊಡ್ಡವರಲ್ಲಿ ಹೊರಗಿನಿಂದ ಬರುವುದೇ ಹೆಚ್ಚು. ಸ್ಕೂಟರಿನಿಂದ ಬಿದ್ದು ಮೂಳೆ ಚರ್ಮವನ್ನು ಸೀಳಿಕೊಂಡು ಹೊರಬಂದಾಗ ರಸ್ತೆಯ ಮಣ್ಣೂ ಒಳಸೇರುತ್ತದೆ. ಮುರಿದ ಹರಡನ್ನು ಕೂಡಿಸಲು ಹಾಕಿದ ತಗಡು, ತಿರುಪುಗಳ ಮೇಲೆ ಸೂಕ್ಷ್ಮಜೀವಿಗಳು ನೆಲೆಯೂರುವುದೂ ಉಂಟು.

ಮೊಳೆ ಚುಚ್ಚುವುದು ಇನ್ನೊಂದು ದಾರಿ. ನಮ್ಮ ಮನೆಗಳಲ್ಲಿ ಮೊಳೆ ಚುಚ್ಚಿತೆಂದರೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ನಿಶ್ಚಿಂತರಾಗುವುದು ವಾಡಿಕೆ. ಆ ಚುಚ್ಚುಮದ್ದು ಅವಶ್ಯವೇ. ಆದರೆ ಅದು ಧನುರ್ವಾಯುವನ್ನು ತಡೆಯುವುದೇ ವಿನಾ ಮೂಳೆಯ ಸೋಂಕನ್ನಲ್ಲ. ಬೂಟಿನ ರಬ್ಬರು ಅಟ್ಟೆಯನ್ನು ತೂರಿ ಬಂದ ಮೊಳೆಯೊಡನೆ ‘ಸೂಡೊಮೋನಾಸ್’ ಎಂಬ ಜೀವಿ ಮೂಳೆಯವರೆಗೂ ಹೋಗುವುದುಂಟೆಂದು ವೈದ್ಯರು ಬಲ್ಲರು. ಮೊಳೆ ಚುಚ್ಚಿ ಕೆಲವು ದಿನಗಳಾದ ಮೇಲೆ ನೋವು ಇಳಿಯುವ ಬದಲು ಏರಿದರೆ ಎಚ್ಚರ ಬೇಕು.

ಇಂದು ನಗರಗಳಲ್ಲಿ ಎಲ್ಲಕ್ಕಿಂತ ದೊಡ್ಡ ಹೆದ್ದಾರಿಯೆಂದರೆ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಈ ಕಾಯಿಲೆಯಿದೆ. ಬಹುಕಾಲ ಹತೋಟಿ ತಪ್ಪಿದ ಸಕ್ಕರೆ ಕಾಲಿನ ನರಗಳನ್ನು ಮಂಕುಗೊಳಿಸುತ್ತದೆ. ಮೊದಲು ಜೋಮು, ಆಮೇಲೆ ಉರಿ, ಕಡೆಗೆ ಏನೂ ಇಲ್ಲ. ಚಪ್ಪಲಿಯೊಳಗೆ ಸೇರಿದ ಹರಳು ದಿನವೆಲ್ಲ ಒತ್ತುತ್ತಿದ್ದರೂ ತಿಳಿಯುವುದಿಲ್ಲ. ನಡುಹಗಲಿನಲ್ಲಿ ದೇವಸ್ಥಾನದ ಕಾದ ಹಾಸುಗಲ್ಲಿನ ಮೇಲೆ ಪ್ರದಕ್ಷಿಣೆ ಬಂದವರು ಮನೆಗೆ ಬಂದು ನೋಡಿದರೆ ಅಂಗಾಲಿನಲ್ಲಿ ಬೊಕ್ಕೆ! ಬೊಕ್ಕೆ ಒಡೆದು ಹುಣ್ಣಾಗುತ್ತದೆ. ನೋವಿಲ್ಲದುದರಿಂದ ಅದೇ ಹುಣ್ಣಿನ ಮೇಲೆ ನಡಿಗೆ ಸಾಗುತ್ತದೆ. ಹೆಜ್ಜೆಗೊಂದಿಷ್ಟು ಆಳವಾಗಿ ಒಂದು ದಿನ ಅದು ಮೂಳೆಯನ್ನು ಮುಟ್ಟುತ್ತದೆ.

ನೋವು ಒಂದು ಕಾವಲುಗಾರನೆಂಬ ಸತ್ಯ ತಿಳಿದುಬಂದುದರಲ್ಲಿ ದಕ್ಷಿಣ ಭಾರತದ ಪಾಲು ದೊಡ್ಡದು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಕೈಕಾಲುಗಳನ್ನು ಹತ್ತಿರದಿಂದ ಅಭ್ಯಸಿಸಿದರು. ಬೆರಳುಗಳು ರೋಗದಿಂದ ತಾವಾಗಿಯೇ ಉದುರುತ್ತವೆಂಬ ಹಳೆಯ ನಂಬಿಕೆ ತಪ್ಪೆಂದೂ, ನೋವಿನ ಅರಿವು ಹೋದುದರಿಂದ ದಿನದಿನದ ಪೆಟ್ಟು, ಸುಡುಗಾಯ, ಸೋಂಕುಗಳೇ ಅವನ್ನು ತಿಂದುಹಾಕುತ್ತವೆಂದೂ ಅವರು ತೋರಿಸಿಕೊಟ್ಟರು. ಅಲ್ಲಿ ಕಲಿತ ಪಾಠವೇ ಮುಂದೆ ಸಕ್ಕರೆ ಕಾಯಿಲೆಯವರ ಪಾದಗಳನ್ನು ಉಳಿಸಲು ಜಗತ್ತಿನಾದ್ಯಂತ ನೆರವಾಯಿತು.

ಕೀವಿಗೆ ಕಾರಣ ಎಂದಿನ ಸೂಕ್ಷ್ಮಜೀವಿಗಳೇ ಆಗಿರಬೇಕೆಂದಿಲ್ಲ. ಕ್ಷಯ ಹರಡಿನ ಕೀಲಿಗೂ ಬರುತ್ತದೆ; ಆಗ ಊತ ಹೆಚ್ಚು, ಬಿಸಿ ಕಡಮೆ. ಬರಿಗಾಲಿನಲ್ಲಿ ಹೊಲಗೆಲಸ ಮಾಡುವವರಿಗೆ ಮುಳ್ಳು ಚುಚ್ಚಿ ಬರುವ ‘ಮಧುರಾ ಪಾದ’ವೆಂಬುದು ಇನ್ನೊಂದು ಬಗೆ. ೧೮೪೨ರಲ್ಲಿ ಮಧುರೆಯಿಂದ ಅದರ ವರದಿ ಹೊರಟುದರಿಂದ ಆ ಊರಿನ ಹೆಸರೇ ಅದಕ್ಕೆ ನಿಂತಿತು. ಪಾದ ಊದಿಕೊಂಡು, ಹಲವು ಬಾಯಿಗಳಿಂದ ಕರಿಯ, ಬಿಳಿಯ ಅಥವಾ ಕೆಂಪು ಕಾಳುಗಳು ಕೀವಿನೊಡನೆ ಉದುರುವುದು ಇದರ ಲಕ್ಷಣ. ಕೆಲವರಲ್ಲಿ ಇದಕ್ಕೆ ಬೂಷ್ಟಿನ ಜಾತಿಯ ಶಿಲೀಂಧ್ರ ಕಾರಣ, ಕೆಲವರಲ್ಲಿ ಬ್ಯಾಕ್ಟೀರಿಯಾ. ಎರಡಕ್ಕೂ ಔಷಧ ಬೇರೆ ಬೇರೆ. ರೋಗಾಣುವಿನ ಗುರುತು ಹತ್ತದೆ ಔಷಧ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಗುರುತಿಸುವ ಪರಿ

ಹಳೆಯ ಸೋಂಕಿನಲ್ಲಿ ಜ್ವರವಿರಲೇಬೇಕೆಂದಿಲ್ಲ, ನೋವೂ ಇರಲೇಬೇಕೆಂದಿಲ್ಲ. ತಿಂಗಳುಗಟ್ಟಲೆ ಮಾಯದ ಹುಣ್ಣು, ಮಾಯ್ದಂತೆ ಕಂಡು ಅದೇ ಜಾಗದಲ್ಲಿ ಮತ್ತೆ ಒಡೆಯುವ ಗಾಯ, ಸಣ್ಣ ರಂಧ್ರದಿಂದ ಒಸರುವ ಕೀವು, ಬೆರಳೊಂದು ಬುಡದಿಂದ ತುದಿಯವರೆಗೆ ಒಂದೇ ಸಮನಾಗಿ ಕೆಂಪಗೆ ಊದಿಕೊಳ್ಳುವುದು, ಕೀವಿನೊಡನೆ ಮೂಳೆಯ ಚೂರು ಹೊರಬರುವುದು: ಇವು ಅನುಮಾನಕ್ಕೆ ಎಡೆಗೊಡುವ ಗುರುತುಗಳು.

ಗ್ಯಾರಿಬಾಲ್ಡಿಯವರ ಕಾಲದ ಸಲಾಕೆ ಇಂದಿಗೂ ಹಳತಾಗಿಲ್ಲ. ಸಕ್ಕರೆ ಕಾಯಿಲೆಯ ಹುಣ್ಣಿನೊಳಗೆ ವೈದ್ಯರು ಶುದ್ಧಗೊಳಿಸಿದ ಲೋಹದ ಸಲಾಕೆಯನ್ನು ಮೆಲ್ಲನೆ ಇಳಿಸಿ ನೋಡುತ್ತಾರೆ. ತುದಿ ಗಟ್ಟಿಯಾಗಿ ಮೂಳೆಗೆ ತಾಗಿತೆಂದರೆ ಸೋಂಕು ಮೂಳೆಗೆ ಇಳಿದಿರುವ ಸಂಭವ ಬಲವಾಗಿದೆಯೆಂದು ಅರ್ಥ. ೧೯೯೫ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಸರಳ ಪರೀಕ್ಷೆಗೆ ಶಾಸ್ತ್ರೀಯ ಆಧಾರವನ್ನು ಒದಗಿಸಿತು. ಇದು ವೈದ್ಯರ ಕೈಯ ಕೆಲಸ. ಮನೆಯಲ್ಲಿ ಕಡ್ಡಿಯಿಂದಲೋ ಪಿನ್ನಿನಿಂದಲೋ ಕೆದಕುವ ಸಾಹಸ ಸಲ್ಲದು.

ಕ್ಷ-ಕಿರಣದ ಚಿತ್ರ ಅಗ್ಗ, ಎಲ್ಲೆಡೆಯೂ ದೊರೆಯುತ್ತದೆ. ಆದರೆ ಅದು ಸುದ್ದಿ ತಡವಾಗಿ ಕೊಡುವ ದೂತ. ಮೂಳೆಯ ಸುಣ್ಣದ ಅಂಶ ಸಾಕಷ್ಟು ಕರಗಿದ ಮೇಲೆಯೇ ಚಿತ್ರದಲ್ಲಿ ಬದಲಾವಣೆ ಕಾಣುವುದು. ಅದಕ್ಕೆ ಎರಡು ಮೂರು ವಾರಗಳು ಹಿಡಿಯುತ್ತವೆ. ಮೊದಲ ಚಿತ್ರ ಚೆನ್ನಾಗಿದೆಯೆಂದು ಹುಣ್ಣನ್ನು ಮರೆಯಬಾರದು. ಕೆಲವು ವಾರಗಳ ತರುವಾಯ ಮತ್ತೆ ತೆಗೆಸಬೇಕು. ಇನ್ನೂ ಸ್ಪಷ್ಟತೆ ಬೇಕಾದಾಗ ಎಂ.ಆರ್.ಐ. ಪರೀಕ್ಷೆ ಮಜ್ಜೆಯ ಊತವನ್ನು ಬೇಗ ತೋರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಇ.ಎಸ್.ಆರ್. ೭೦ನ್ನು ಮೀರಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಕೊನೆಯ ತೀರ್ಪು ಮೂಳೆಯ ಚೂರಿನದು. ಹುಣ್ಣಿನ ಮೇಲಿನ ಕೀವನ್ನು ಹತ್ತಿಯಿಂದ ಒರಸಿ ಪರೀಕ್ಷೆಗೆ ಕಳುಹಿಸುವ ಪದ್ಧತಿ ವ್ಯಾಪಕವಾಗಿದೆ. ಆದರೆ ಬಾಗಿಲಲ್ಲಿ ನಿಂತವರೆಲ್ಲ ಮನೆಯವರಲ್ಲವಷ್ಟೆ! ಮೇಲೆ ಸಿಕ್ಕುವ ಜೀವಿಗಳೇ ಬೇರೆ, ಒಳಗೆ ಮೂಳೆಯನ್ನು ಕೊರೆಯುತ್ತಿರುವುವೇ ಬೇರೆ ಆಗಿರುವುದುಂಟು. ಮೂಳೆಯ ಸಣ್ಣ ಚೂರನ್ನೇ ತೆಗೆದು ಪರೀಕ್ಷಿಸಿದರೆ ಶತ್ರು ಯಾರು, ಯಾವ ಔಷಧಕ್ಕೆ ಅವನು ಬಗ್ಗುತ್ತಾನೆ ಎಂಬುದು ತಿಳಿಯುತ್ತದೆ. ರೋಗಿಯ ಸ್ಥಿತಿ ಅಪಾಯಕರವಲ್ಲದಿದ್ದರೆ, ಈ ಪರೀಕ್ಷೆಗೆ ಮೊದಲು ಕೆಲವು ದಿನ ಔಷಧವನ್ನು ನಿಲ್ಲಿಸಲು ವೈದ್ಯರು ಹೇಳುವುದು ಇದಕ್ಕಾಗಿಯೇ.

ಇಲ್ಲಿ ಒಂದು ಮೋಸಗಾರ ರೋಗವನ್ನೂ ಹೆಸರಿಸಬೇಕು. ಸಕ್ಕರೆ ಕಾಯಿಲೆಯವರ ಪಾದ ಗಾಯವಿಲ್ಲದೆಯೇ ಕೆಂಪಗೆ ಬಿಸಿಯಾಗಿ ಊದಿಕೊಂಡರೆ ಅದು ಸೋಂಕಿಲ್ಲದ ‘ಶಾರ್ಕೋ ಪಾದ’ವೂ ಆಗಿರಬಹುದು. ಅಲ್ಲಿ ಮೂಳೆಗಳು ತಾವಾಗಿಯೇ ಮೆತ್ತಗಾಗಿ ಕುಸಿಯುತ್ತವೆ. ಅದಕ್ಕೆ ಬೇಕಾದುದು ಕೂಡಲೇ ಕಟ್ಟು ಹಾಕಿ ಭಾರ ತಪ್ಪಿಸುವುದು, ಕೀವಿನ ಔಷಧವಲ್ಲ.

ಚಿಕಿತ್ಸೆ ನಡೆದುಬಂದ ದಾರಿ

ಒಂದು ಕಾಲದಲ್ಲಿ ಪಾದದ ಮೂಳೆ ಕೊಳೆತರೆ ಮೊಣಕಾಲಿನ ಕೆಳಗೆ ಕತ್ತರಿಸುವುದೇ ರೂಢಿ. ಎಡಿನ್‌ಬರೋದ ಜೇಮ್ಸ್ ಸೈಮ್ ೧೮೪೨ರಲ್ಲಿ ಹರಡಿನಲ್ಲೇ ಕತ್ತರಿಸಿ, ಹಿಮ್ಮಡಿಯ ದಪ್ಪ ಚರ್ಮವನ್ನೇ ತುದಿಗೆ ಮುಚ್ಚಿ, ಅದರ ಮೇಲೆ ರೋಗಿ ನಿಲ್ಲುವಂತೆ ಮಾಡಿದರು. ಅಂದಿಗೆ ಅದು ದೊಡ್ಡ ಲಾಭ. ಅದೇ ಊರಿನಲ್ಲಿ ಮುಂದೆ ಸೈಮ್‌ರ ಅಳಿಯ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯವನ್ನು ಶುದ್ಧವಾಗಿಡುವ ಕ್ರಮವನ್ನು ನಡೆಸಿದರು. ಮೂಳೆಯ ಕ್ಷಯದಿಂದ ಒಂದು ಕಾಲನ್ನು ಆಗಲೇ ಕಳೆದುಕೊಂಡಿದ್ದ ಆಂಗ್ಲ ಕವಿ ಹೆನ್ಲಿ, ಇನ್ನೊಂದೂ ಹೋಗುವುದೆಂಬ ಮಾತನ್ನು ಕೇಳಲೊಲ್ಲದೆ ೧೮೭೩ರಲ್ಲಿ ಲಿಸ್ಟರರ ಆಸ್ಪತ್ರೆಯನ್ನು ಸೇರಿದರು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಮಲಗಿದ್ದು, ಆ ಪಾದವನ್ನು ಉಳಿಸಿಕೊಂಡೇ ಹೊರಬಂದರು. ಅಲ್ಲಿ ಅವರನ್ನು ಕಂಡು ಸ್ನೇಹಿತರಾದ ಸ್ಟೀವನ್‌ಸನ್ ಮುಂದೆ ‘ಟ್ರೆಷರ್ ಐಲೆಂಡ್’ ಕಾದಂಬರಿಯ ಒಂಟಿಕಾಲಿನ ಕಡಲುಗಳ್ಳನಿಗೆ ಹೆನ್ಲಿಯ ಗಟ್ಟಿತನವನ್ನೇ ಕೊಟ್ಟರು.

ಇನ್ನೂ ವಿಚಿತ್ರವಾದ ಚಿಕಿತ್ಸೆಯೊಂದಿದೆ. ಮೊದಲ ಮಹಾಯುದ್ಧದಲ್ಲಿ, ೧೯೧೭ರಲ್ಲಿ, ರಣರಂಗದಲ್ಲಿ ಏಳು ದಿನ ಬಿದ್ದಿದ್ದ ಇಬ್ಬರು ಸಿಪಾಯಿಗಳ ಗಾಯಗಳಲ್ಲಿ ಹುಳುಗಳು ಮುಸುಕಿದ್ದರೂ ಅವರಿಗೆ ಜ್ವರವಿರಲಿಲ್ಲ. ಹುಳುಗಳನ್ನು ತೊಳೆದಾಗ ಕೆಳಗೆ ಆರೋಗ್ಯವಾದ ಕೆಂಪು ಮಾಂಸ ಕಂಡಿತು. ಅದನ್ನು ಕಂಡ ಅಮೆರಿಕದ ಡಾಕ್ಟರ್ ಬೇರ್, ಮುಂದೆ ಬಾಲ್ಟಿಮೋರಿನಲ್ಲಿ ಮೂಳೆಯ ಹಳೆಯ ಸೋಂಕಿನ ಮಕ್ಕಳಿಗೆ ಶುದ್ಧವಾಗಿ ಸಾಕಿದ ನೊಣದ ಮರಿಹುಳುಗಳಿಂದ ಚಿಕಿತ್ಸೆ ನಡೆಸಿದರು. ೧೯೩೧ರಲ್ಲಿ ಅದರ ವಿವರ ಪ್ರಕಟವಾಯಿತು. ಸತ್ತ ಮಾಂಸವನ್ನು ಮಾತ್ರ ತಿಂದು ಜೀವವಿರುವುದನ್ನು ಉಳಿಸುವ ಆ ಹುಳುಗಳು ಒಂದು ತತ್ತ್ವವನ್ನು ಕಲಿಸಿದವು: ಸತ್ತದ್ದು ಹೋಗದೆ ಬದುಕಿದ್ದು ಮಾಯದು. ೧೯೪೦ರ ದಶಕದಲ್ಲಿ ಪೆನಿಸಿಲಿನ್ ಬಂದಮೇಲೆ ಹುಳುಗಳ ಚಿಕಿತ್ಸೆ ಹಿಂದೆ ಸರಿಯಿತಾದರೂ ಆ ತತ್ತ್ವ ಬದಲಾಗಲಿಲ್ಲ.

ಇಂದಿನ ಕ್ರಮ

ಇಂದಿನ ಚಿಕಿತ್ಸೆಗೆ ಮೂರು ಕಾಲುಗಳು: ಶಸ್ತ್ರ, ಔಷಧ, ವಿರಾಮ. ಮೂರರಲ್ಲಿ ಒಂದು ಮುರಿದರೂ ಪೀಠ ನಿಲ್ಲದು.

ಶಸ್ತ್ರವೈದ್ಯರು ಸತ್ತ ಮೂಳೆಯನ್ನು ಕೆರೆದು ತೆಗೆಯುತ್ತಾರೆ. ಎಲ್ಲಿಯವರೆಗೆ? ಮೂಳೆಯ ಮೇಲ್ಮೈಯಲ್ಲಿ ಸಾಸಿವೆ ಚೆಲ್ಲಿದಂತೆ ರಕ್ತದ ಚುಕ್ಕೆಗಳು ಮೂಡುವವರೆಗೆ; ಅದೇ ಜೀವದ ಗುರುತು. ತೆಗೆದಲ್ಲಿ ಉಳಿಯುವ ಗುಳಿಯನ್ನು ಔಷಧ ಬೆರೆಸಿದ ಮಣಿಗಳಿಂದ ತುಂಬಬಹುದು. ಬೇರೆಡೆಯ ಮಾಂಸವನ್ನೋ ಚರ್ಮವನ್ನೋ ತಂದು ಮುಚ್ಚಬಹುದು. ತಗಡು, ತಿರುಪುಗಳಿದ್ದರೆ ಮೂಳೆ ಕೂಡಿದ ಮೇಲೆ ತೆಗೆಯಬೇಕಾಗುತ್ತದೆ. ಹರಡಿನ ಕೀಲು ಹಾಳಾಗಿದ್ದರೆ ಮೂಳೆಗಳನ್ನು ಒಂದಾಗಿ ಬೆಸೆದು, ಬಾಗದಿದ್ದರೂ ನೋವಿಲ್ಲದೆ ನಿಲ್ಲುವ ಕಾಲನ್ನು ಕೊಡುತ್ತಾರೆ. ಇದಕ್ಕೆಲ್ಲ ಮೊದಲು ಪಾದಕ್ಕೆ ರಕ್ತ ಸಾಲದಾಗಿದೆಯೇ ಎಂದು ನೋಡಿ, ಮುಚ್ಚಿದ ರಕ್ತನಾಳವನ್ನು ತೆರೆಸುವುದು ಮುಖ್ಯ. ನಾಲೆ ಒಣಗಿದ್ದರೆ ಗದ್ದೆಗೆ ಗೊಬ್ಬರ ಹಾಕಿ ಏನು ಫಲ?

ಔಷಧದ ಅವಧಿ ರೋಗಕ್ಕೆ ತಕ್ಕಂತೆ. ಸೋಂಕಿನ ಮೂಳೆಯನ್ನು ಕತ್ತರಿಸದೆ ಔಷಧದಿಂದಲೇ ಗುಣಪಡಿಸಲು ಹೊರಟರೆ ಸಾಮಾನ್ಯವಾಗಿ ಆರು ವಾರ. ಸಕ್ಕರೆ ಕಾಯಿಲೆಯವರ ಪಾದದ ಮುಂಭಾಗದ ಮೂಳೆಗೆ ಮಾತ್ರ ಸೋಂಕಿದ್ದು, ರಕ್ತಚಲನೆ ಚೆನ್ನಾಗಿದ್ದು, ಕೀವಿನ ಗಡ್ಡೆ ಇಲ್ಲದಿದ್ದರೆ ಈ ದಾರಿ ಆಯ್ದ ಕೆಲವರಲ್ಲಿ ಫಲಿಸುತ್ತದೆ. ಸೋಂಕಿನ ಭಾಗವನ್ನು ಪೂರ್ತಿ ತೆಗೆದಿದ್ದರೆ ಕೆಲವೇ ದಿನಗಳು ಸಾಕಾಗಬಹುದು. ವಾರಗಟ್ಟಲೆ ರಕ್ತನಾಳದ ಚುಚ್ಚುಮದ್ದೇ ಬೇಕೆಂಬ ಹಳೆಯ ನಿಯಮವೂ ಸಡಿಲವಾಗಿದೆ. ಬ್ರಿಟನ್ನಿನ ೨೬ ಆಸ್ಪತ್ರೆಗಳಲ್ಲಿ ೧೦೫೪ ರೋಗಿಗಳನ್ನು ಒಳಗೊಂಡು ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮೂಳೆ ಮತ್ತು ಕೀಲುಗಳ ಸೋಂಕಿಗೆ ಸರಿಯಾಗಿ ಆರಿಸಿದ ಮಾತ್ರೆಗಳು ಚುಚ್ಚುಮದ್ದಿಗಿಂತ ಕಡಮೆಯಲ್ಲವೆಂದು ಕಂಡುಬಂದಿತು. ಆದರೆ ‘ಸರಿಯಾಗಿ ಆರಿಸಿದ’ ಎಂಬ ಮಾತಿಗೆ ಅಡಿಗೆರೆ ಎಳೆಯಬೇಕು. ಹಳೆಯ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ಮತ್ತೆ ಮತ್ತೆ ಅದೇ ಮಾತ್ರೆ ತಂದು ನುಂಗುವವರು, ಶತ್ರುವಿಗೆ ತಾವೇ ಕವಚ ತೊಡಿಸಿದಂತಾಗುತ್ತದೆ.

ಮೂರನೆಯದಾದ ವಿರಾಮವೇ ಅತ್ಯಂತ ಕಠಿನ. ಹುಣ್ಣಿನ ಮೇಲೆ ಭಾರ ಬೀಳದಂತೆ ಪಾದಕ್ಕೆ ಅಚ್ಚಾಗಿ ಹೊಂದುವ ಕಟ್ಟು, ವಿಶೇಷ ಬೂಟು, ಊರುಗೋಲು: ಇವು ಔಷಧದಷ್ಟೇ ಮುಖ್ಯ. ‘ಬಚ್ಚಲಮನೆಯವರೆಗೆ ತಾನೆ, ನಾಲ್ಕು ಹೆಜ್ಜೆ’ ಎಂದು ಕಟ್ಟಿಲ್ಲದೆ ಇಡುವ ಹೆಜ್ಜೆಗಳು ದಿನಕ್ಕೆ ನೂರಾಗುತ್ತವೆ. ರಾತ್ರಿ ಕಟ್ಟಿದ ಗೂಡನ್ನು ಹಗಲು ಕೆಡವಿದಂತೆ.

ಕಾಲು ತೆಗೆಯಬೇಕೆಂದಾಗ

ಅಮೆರಿಕದ ಇಬ್ಬರು ವೈದ್ಯರು, ಸಿಯರ್ನಿ ಮತ್ತು ಮೇಡರ್, ೧೯೮೫ರಲ್ಲಿ ಈ ರೋಗಕ್ಕೆ ಹೊಸ ವಿಂಗಡಣೆಯೊಂದನ್ನು ಕೊಟ್ಟರು. ಮೂಳೆಯಲ್ಲಿ ಸೋಂಕು ಎಷ್ಟು ಹಬ್ಬಿದೆಯೆಂಬುದು ಅದರ ಒಂದು ಪಕ್ಕ. ರೋಗಿಯ ಶಕ್ತಿ ಎಷ್ಟಿದೆಯೆಂಬುದು ಇನ್ನೊಂದು ಪಕ್ಕ. ಸಕ್ಕರೆ, ಮೂತ್ರಪಿಂಡದ ತೊಂದರೆ, ಧೂಮಪಾನ, ಅಪೌಷ್ಟಿಕತೆ ಇವೆಲ್ಲ ಲೆಕ್ಕಕ್ಕೆ ಬಂದುವು. ಕೆಲವರಿಗೆ ದೊಡ್ಡ ಶಸ್ತ್ರಚಿಕಿತ್ಸೆ ರೋಗಕ್ಕಿಂತ ಹೆಚ್ಚಿನ ಅಪಾಯವಾದೀತೆಂದೂ, ಅಂಥವರಿಗೆ ಪಟ್ಟಿ ಬದಲಿಸುತ್ತ, ಕೆರಳಿದಾಗ ಔಷಧ ಕೊಡುತ್ತ, ಕೆಂಡವನ್ನು ಬೂದಿಯಡಿಯಲ್ಲೇ ಇಡುವುದು ಜಾಣತನವೆಂದೂ ಆ ವಿಂಗಡಣೆ ಒಪ್ಪಿಕೊಂಡಿತು.

ಬೆರಳೊಂದನ್ನು ತೆಗೆಯಬೇಕೆಂದು ವೈದ್ಯರು ಹೇಳಿದಾಗ ಮನೆಯಲ್ಲಿ ಅಳು ಏಳುವುದು ಸಹಜ. ಅನೇಕರು ಅದನ್ನು ಒಪ್ಪದೆ ಊರೂರು ತಿರುಗಿ, ಸೊಪ್ಪು ಕಟ್ಟಿಸಿ, ತಿಂಗಳು ಕಳೆದು ಬರುವಷ್ಟರಲ್ಲಿ ಬೆರಳಿನ ಮಾತು ಪಾದದ ಮಾತಾಗಿರುತ್ತದೆ. ಸಕಾಲದಲ್ಲಿ ಹೋದ ಬೆರಳು ಪಾದವನ್ನು ಉಳಿಸುತ್ತದೆ. ಅದರಂತೆಯೇ, ಅವಸರದಲ್ಲಿ ಮೇಲಕ್ಕೆ ಕತ್ತರಿಸುವುದೂ ಸರಿಯಲ್ಲ. ಆತುರದ ಸ್ಥಿತಿ ಇಲ್ಲದಿದ್ದರೆ ರಕ್ತಚಲನೆಯ ಪರೀಕ್ಷೆಯಾಯಿತೇ, ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಬಹುದೇ ಎಂದು ಕೇಳುವ ಹಕ್ಕು ರೋಗಿಗಿದೆ. ಒಳ್ಳೆಯ ವೈದ್ಯರು ಅದಕ್ಕೆ ಮುನಿಯುವುದಿಲ್ಲ. ಚಳಿಜ್ವರ, ಮೇಲಕ್ಕೇರುವ ಕೆಂಪು, ದುರ್ನಾತ, ಕಪ್ಪಿಟ್ಟ ಬೆರಳು, ರೋಗಿಗೆ ಮಂಕು ಕವಿಯುವುದು: ಇವುಗಳಲ್ಲಿ ಯಾವುದು ಕಂಡರೂ ಚರ್ಚೆಗೆ ಸಮಯವಿಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು. ದಶಕಗಟ್ಟಲೆ ಒಸರುತ್ತಿದ್ದ ಹುಣ್ಣಿನ ಬಾಯಿ ದಪ್ಪಗಾಗಿ ಬೆಳೆಯತೊಡಗಿದರೆ ಅದು ಕ್ಯಾನ್ಸರಿಗೆ ತಿರುಗಿರಬಹುದು. ಅದನ್ನೂ ಪರೀಕ್ಷಿಸಿಯೇ ತೀರಬೇಕು.

ಮನೆಯವರ ಕೈಯಲ್ಲಿರುವುದು

ಈ ರೋಗದಲ್ಲಿ ವೈದ್ಯರು ‘ಗುಣವಾಯಿತು’ ಎಂಬ ಮಾತನ್ನು ಬೇಗ ಆಡುವುದಿಲ್ಲ, ‘ಅಡಗಿದೆ’ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಔಷಧ ಮುಗಿದು ಆರು ತಿಂಗಳವರೆಗೆ ಮರುಕಳಿಸದಿದ್ದರೆ ಶಮನವಾಯಿತೆಂದು ಎಣಿಸುವ ರೂಢಿಯಿದೆ. ಆಮೇಲೂ ಕಾವಲು ಬೇಕು. ಆ ಕಾವಲಿಗೆ ಯಂತ್ರಗಳು ಬೇಡ. ಒಂದು ಕನ್ನಡಿ, ಒಂದು ದೀಪ, ಅಕ್ಕರೆಯ ಒಂದು ಜೊತೆ ಕಣ್ಣು ಸಾಕು.

ದಿನವೂ ರಾತ್ರಿ ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಒಣಗಿಸಿ, ಅಂಗಾಲನ್ನು ನೋಡಬೇಕು. ಬಗ್ಗಲಾರದ ಹಿರಿಯರಿಗೆ ಕನ್ನಡಿಯನ್ನು ಕೆಳಗಿಟ್ಟು ತೋರಿಸಬಹುದು. ಮಗಳೋ ಸೊಸೆಯೋ ಮೊಮ್ಮಗನೋ ನೋಡಿದರೆ ಇನ್ನೂ ಒಳ್ಳೆಯದು. ಬಿಸಿನೀರಿನ ಹದವನ್ನು ಮರಗಟ್ಟಿದ ಕಾಲಿನಿಂದಲ್ಲ, ಮೊಣಕೈಯಿಂದ ನೋಡಬೇಕು. ಚಪ್ಪಲಿ ಹಾಕುವ ಮುನ್ನ ಕೊಡವಿ ಒಳಗೆ ಕೈಯಾಡಿಸಬೇಕು. ಮನೆಯೊಳಗೂ ಬರಿಗಾಲು ಬೇಡ. ಕುಷ್ಠರೋಗಿಗಳಿಗಾಗಿ ದಕ್ಷಿಣ ಭಾರತದಲ್ಲಿ ಬಳಕೆಗೆ ಬಂದ ಎಂ.ಸಿ.ಆರ್. ರಬ್ಬರಿನ ಮೆತ್ತನೆಯ ಚಪ್ಪಲಿ ಇಂದು ಸಕ್ಕರೆ ಕಾಯಿಲೆಯವರಿಗೂ ದೊರೆಯುತ್ತದೆ. ಕಾಲಾಣಿಯನ್ನು ಬ್ಲೇಡಿನಿಂದ ಕುಯ್ದುಕೊಳ್ಳಬಾರದು. ಆಮ್ಲದ ಪಟ್ಟಿಯನ್ನು ಅಂಟಿಸಬಾರದು. ಹಾಸಿಗೆ ಹಿಡಿದ ವೃದ್ಧರ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ತೇಲಿಸಿದರೆ, ಹಿಮ್ಮಡಿಯ ಮೂಳೆಗೆ ಇಳಿಯುವ ಒತ್ತುಹುಣ್ಣನ್ನು ತಪ್ಪಿಸಬಹುದು. ದೇವಸ್ಥಾನಕ್ಕೆ ಹೋಗುವವರು ಬಿಸಿಲೇರುವ ಮುನ್ನ ಹೋಗುವುದು ಲೇಸು.

ಒಂದು ಬೆರಳು ಹೋದವರ ಭಾರ ಪಕ್ಕದ ಬೆರಳಿನ ಬುಡಕ್ಕೂ ಇನ್ನೊಂದು ಪಾದಕ್ಕೂ ಹಂಚಿಹೋಗುತ್ತದೆ. ಆದುದರಿಂದ ಉಳಿದ ಪಾದದ ಮೇಲೆ ಎರಡರಷ್ಟು ಕಣ್ಣಿರಬೇಕು. ಸಕ್ಕರೆಯ ಹತೋಟಿ, ಬೇಳೆಕಾಳು ಹಾಲುಮೊಸರುಗಳಂಥ ಪುಷ್ಟಿಯ ಆಹಾರ, ಹೊಗೆಬತ್ತಿಯ ತ್ಯಾಗ ಇವು ಯಾವ ದುಬಾರಿ ಔಷಧಕ್ಕೂ ಕಡಮೆಯಲ್ಲ.

ತಿಂಗಳುಗಟ್ಟಲೆ ಕಾಲು ಚಾಚಿ ಕುಳಿತಿರುವವರ ಮನಸ್ಸೂ ಹುಣ್ಣಾಗಿರುತ್ತದೆ. ದುಡಿಯುವವರು ಕುಳಿತರೆ ಮನೆಯ ಲೆಕ್ಕ ತಪ್ಪುತ್ತದೆ. ಎಲ್ಲರಿಗೂ ಹೊರೆಯಾದೆನೆಂಬ ಕೊರಗು ರೋಗಿಯನ್ನು ಎಬ್ಬಿಸಿ ನಡೆಸುತ್ತದೆ. ಹಾಗೆ ನಡೆದ ನಡಿಗೆ ಆರು ವಾರದ ಚಿಕಿತ್ಸೆಯನ್ನು ಅಳಿಸಿಹಾಕುತ್ತದೆ. ‘ನೀವು ಕುಳಿ‌ತಿರುವುದೇ ಈಗ ಈ ಮನೆಗೆ ಮಾಡುವ ಕೆಲಸ’ ಎಂದು ಮನೆಯವರು ಹೇಳಿ, ಅದನ್ನು ನಡತೆಯಲ್ಲಿಯೂ ತೋರಿಸಿದರೆ ಅರ್ಧ ಚಿಕಿತ್ಸೆ ಮುಗಿದಂತೆ. ಉಳಿದರ್ಧವನ್ನು ಶಸ್ತ್ರವೂ ಔಷಧವೂ ನೋಡಿಕೊಳ್ಳುತ್ತವೆ.